ಸೈನಿಕರ ಬುತ್ತಿ, ನಮ್ಮ ಬುತ್ತಿ: ಒಂದೇ ಪಾಠವನ್ನು ಎರಡು ಸಲ ಮಾಡಿದ ಅನುಭವ

ಅಭ್ಯಾಸ ಬೋಧನೆಯ ಐದನೆಯ ವಾರದಲ್ಲಿ 8ನೇ ತರಗತಿಯ ವಿಜ್ಞಾನದಿಂದ ಆಹಾರ ಸಂರಕ್ಷಣೆಯ ಉಪಘಟಕ ನನ್ನ ಪಾಲಿಗೆ ಬಂತು. ಸೂಕ್ಷ್ಮಜೀವಿಗಳ ಪಾಠದ ಕೊನೆಯಲ್ಲಿ ಬರುವ ಭಾಗ ಅದು. ಉಪ್ಪು, ಸಕ್ಕರೆ, ಎಣ್ಣೆ, ಒಣಗಿಸುವಿಕೆ, ಕಾಯಿಸುವಿಕೆ, ಗಾಳಿಯಾಡದಂತೆ ಕಟ್ಟುವಿಕೆ ಎಂದು ಒಂದೊಂದೇ ವಿಧಾನವನ್ನು ಹೇಳಿ, ಒಂದೊಂದು ಉದಾಹರಣೆ ಕೊಟ್ಟು ಮುಗಿಸುವುದು ವಾಡಿಕೆ. ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ. ಈ ಎಲ್ಲ ವಿಧಾನಗಳೂ ಒಂದೇ ಚೀಲದಲ್ಲಿ ಸಿಗುವ ವಸ್ತು ಯಾವುದು ಎಂದು ಯೋಚಿಸಿದಾಗ ಹೊಳೆದದ್ದು ಸೈನಿಕರು ರಣರಂಗಕ್ಕೆ ಒಯ್ಯುವ ಊಟದ ಪೊಟ್ಟಣ. ಫ್ರಿಜ್ ಇಲ್ಲ, ಅಡುಗೆಮನೆ ಇಲ್ಲ, ಬಯಲಿನಲ್ಲಿ ಕುಳಿತು ತಿನ್ನಬೇಕು, ತಿಂಗಳುಗಟ್ಟಲೆ ಕೆಡಬಾರದು. ಬೇರೆ ಬೇರೆ ದೇಶಗಳ ಪೊಟ್ಟಣಗಳನ್ನು ಹೋಲಿಸಿದರೆ ಪಾಠ ತಾನಾಗಿ ಬೆಳೆಯುತ್ತದೆ ಎಂದುಕೊಂಡೆ.

ಮೊದಲ ಸಲ ಅದು ಬೆಳೆಯಲಿಲ್ಲ. ಯಾಕೆ ಬೆಳೆಯಲಿಲ್ಲ, ಎರಡನೆಯ ಸಲ ಏನನ್ನು ಬದಲಾಯಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪಾಠವನ್ನು ಮಾಡಲು ಹೊರಡುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ತಪ್ಪು ನನ್ನ ಯೋಜನೆಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ಮೊದಲ ಪಾಠ

‘ಸೈನಿಕರ ಪಡಿತರ’ ಎಂದು ಹಲಗೆಯ ಮೇಲೆ ಶೀರ್ಷಿಕೆ ಬರೆದೆ. ಹಿಂದಿನ ಬೆಂಚಿನಿಂದ ಮೊದಲ ಪ್ರಶ್ನೆ ಬಂತು: “ಸರ್, ಮಿಲಿಟ್ರಿಯವ್ರಿಗೂ ರೇಷನ್ ಕಾರ್ಡ್ ಇರ್ತೈತೇನ್ರಿ?” ಪಡಿತರ ಎಂದರೆ ಮಕ್ಕಳಿಗೆ ನ್ಯಾಯಬೆಲೆ ಅಂಗಡಿ. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಪದವನ್ನು ಬದಲಾಯಿಸಲಿಲ್ಲ. ‘ಬುತ್ತಿ’ ಎಂಬ ಪದ ಅಲ್ಲೇ ಇತ್ತು, ನನಗೆ ಕಾಣಲಿಲ್ಲ.

ಚಾರ್ಟ್ ಚೆನ್ನಾಗಿಯೇ ಇತ್ತು. ಅಮೆರಿಕದ ಎಂಆರ್‌ಇ, ಅಂದರೆ ‘ಮೀಲ್ ರೆಡಿ ಟು ಈಟ್’: 1980ರ ದಶಕದ ಆರಂಭದಿಂದ ಬಳಕೆಯಲ್ಲಿದೆ, ಶಕ್ತಿ ಸುಮಾರು 1250 ಕಿಲೋಕ್ಯಾಲೊರಿ, 24 ಬಗೆಯ ಊಟ, ಬೆಂಕಿಯಿಲ್ಲದೆ ಬಿಸಿ ಮಾಡುವ ಚೀಲ. ಬ್ರಿಟನ್ನಿನದು: ಸುಮಾರು 4000 ಕಿಲೋಕ್ಯಾಲೊರಿ, ಚೀಲ ಸಮೇತ ಕುದಿಯುವ ನೀರಿಗೆ ಹಾಕುವ ಊಟ, ಜೊತೆಗೆ ಚಹಾ. ಫ್ರಾನ್ಸಿನದು: ಸುಮಾರು 3200 ಕಿಲೋಕ್ಯಾಲೊರಿ, 14 ಬಗೆ, ಡಬ್ಬಿಗಳು, ಮಡಿಚಿಡುವ ಪುಟ್ಟ ಒಲೆ ಮತ್ತು ಉರುವಲು ಬಿಲ್ಲೆಗಳು. ಭಾರತದ ಸಾಲಿನಲ್ಲಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಹೆಸರು, ಅದು ಸ್ಥಾಪನೆಯಾದ ವರ್ಷ 1961, ಅಲ್ಲಿ ರೂಪುಗೊಂಡ ಪಲಾವ್, ಹಲ್ವಾ, ಬಹುಕಾಲ ಕೆಡದ ಚಪಾತಿ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಭಾರತೀಯ ತಿನಿಸನ್ನು ಸಿದ್ಧಪಡಿಸಿಕೊಟ್ಟದ್ದು ಇದೇ ಪ್ರಯೋಗಾಲಯ ಎಂದು ಹೇಳಿದಾಗ ಮಕ್ಕಳ ಕಣ್ಣು ಅರಳಿದ್ದು ನಿಜ.

ಕೊನೆಯಲ್ಲಿ ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಕೊಟ್ಟೆ: ‘ಇವುಗಳಲ್ಲಿ ಉತ್ತಮವಾದುದು ಯಾವುದು? ಕಾರಣ ಕೊಡಿ.’ 38 ಮಕ್ಕಳಲ್ಲಿ 31 ಮಂದಿ ಬ್ರಿಟನ್ ಎಂದು ಬರೆದರು. ಕಾರಣ ಒಂದೇ: 4000 ದೊಡ್ಡ ಸಂಖ್ಯೆ. ಮೂವರು ಫ್ರಾನ್ಸ್ ಎಂದರು, ಒಲೆ ಸಿಗುತ್ತದೆ ಎಂಬ ಕಾರಣಕ್ಕೆ. ಇಬ್ಬರು ಭಾರತ ಎಂದರು, ಅದು ನಮ್ಮ ದೇಶ. ಉಳಿದ ಇಬ್ಬರು ಏನನ್ನೂ ಬರೆಯಲಿಲ್ಲ.

ಮಾರ್ಗದರ್ಶಕ ಶಿಕ್ಷಕಿ (ಮಕ್ಕಳ ಬಾಯಲ್ಲಿ ಅವರು ‘ಅಕ್ಕೋರು’) ವೀಕ್ಷಣಾ ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು. “ಅಮೆರಿಕದ್ದು ಎಷ್ಟು ಹೊತ್ತಿನ ಊಟ? ಬ್ರಿಟನ್ನಿನದು ಎಷ್ಟು ಹೊತ್ತಿನದು?”

ಎಂಆರ್‌ಇ ಒಂದು ಹೊತ್ತಿನ ಊಟ. ಬ್ರಿಟನ್ನಿನದೂ ಫ್ರಾನ್ಸಿನದೂ ಇಡೀ ದಿನದ ಪೊಟ್ಟಣಗಳು. ಒಂದು ಹೊತ್ತಿನ 1250ನ್ನು ಇಡೀ ದಿನದ 4000ದ ಪಕ್ಕದಲ್ಲಿ, ‘ಶಕ್ತಿ’ ಎಂಬ ಒಂದೇ ಕಂಬಸಾಲಿನಲ್ಲಿ ನಾನು ಬರೆದಿದ್ದೆ. ದಿನಕ್ಕೆ ಮೂರು ಪೊಟ್ಟಣ ಎಂದು ಲೆಕ್ಕ ಹಾಕಿದರೆ ಅಮೆರಿಕದ್ದು 3750 ಆಗುತ್ತದೆ, ವ್ಯತ್ಯಾಸ ಹೆಚ್ಚುಕಡಿಮೆ ಕರಗಿಹೋಗುತ್ತದೆ. 31 ಮಕ್ಕಳು ತಪ್ಪು ಮಾಡಿರಲಿಲ್ಲ. ನನ್ನ ಕೋಷ್ಟಕವನ್ನು ಸರಿಯಾಗಿ ಓದಿದ್ದರು.

ವಿರಾಮದ ವೇಳೆ ಅಕ್ಕೋರು ಇನ್ನೊಂದು ಮಾತು ಹೇಳಿದರು. “ಏಕಮಾನ ಸರಿ ಮಾಡಿದ್ರೂ ನಿಮ್ಮ ಪ್ರಶ್ನೆ ಸರಿ ಆಗೂದಿಲ್ಲ. ಉತ್ತಮ ಅಂದ್ರ ಯಾರಿಗೆ ಉತ್ತಮ? ಮುಂದಿನ ಶನಿವಾರ ಇವೇ ಹುಡುಗ್ರನ್ನ ಗುಡ್ಡಕ್ಕ ಕರಕೊಂಡು ಹೊಂಟೀವಿ. ಹೋದ ವರ್ಷ ಏನಾತು ಅನ್ನೂದು ನಿಮಗ ಗೊತ್ತಿಲ್ಲ.”

ಹೋದ ವರ್ಷದ ಪ್ರವಾಸದಲ್ಲಿ ಬೆಳಗಿನ ಐದು ಗಂಟೆಗೆ ಮಾಡಿದ ಚಿತ್ರಾನ್ನವನ್ನು ಹಬೆಯಾಡುವಾಗಲೇ ದೊಡ್ಡ ಪಾತ್ರೆಗೆ ಹಾಕಿ, ಮುಚ್ಚಳ ಬಿಗಿದು, ವಾಹನದ ಹಿಂಭಾಗದಲ್ಲಿಟ್ಟು ಒಯ್ದಿದ್ದರಂತೆ. ಊಟವಾದದ್ದು ಮಧ್ಯಾಹ್ನ ಎರಡಕ್ಕೆ. ಸಂಜೆಯ ಹೊತ್ತಿಗೆ ಒಂಬತ್ತು ಮಕ್ಕಳಿಗೆ ವಾಂತಿ, ಒಬ್ಬ ಹುಡುಗನನ್ನು ರಾತ್ರಿಯಿಡೀ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕಾಯಿತು. ಈ ವರ್ಷ ಏನು ಒಯ್ಯಬೇಕು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಪಾಠವನ್ನು ಮತ್ತೊಮ್ಮೆ ಮಾಡುವುದಾದರೆ ಆ ತೀರ್ಮಾನ ಮಕ್ಕಳಿಂದಲೇ ಬರಲಿ ಎಂದು ಅವರು ಎರಡು ಅವಧಿಗಳನ್ನು ಜೋಡಿಸಿ ಕೊಟ್ಟರು.

ಎರಡನೆಯ ಪಾಠ

ಈ ಸಲ ಹಲಗೆಯ ಮೇಲೆ ಬರೆದದ್ದು: ‘ಕಪ್ಪತಗುಡ್ಡಕ್ಕೆ ಶನಿವಾರ ಯಾವ ಬುತ್ತಿ?’

ಚಾರ್ಟನ್ನು ಮೊದಲಿಗೆ ತೆರೆಯಲಿಲ್ಲ. ಗುಡ್ಡಕ್ಕೆ ಹೋಗುವವರ ಬುತ್ತಿ ಹೇಗಿರಬೇಕು ಎಂದು ಕೇಳಿದೆ. ಹಗುರವಾಗಿರಬೇಕು, ಹಳಸಬಾರದು, ಹೊಟ್ಟೆ ತುಂಬಬೇಕು, ಒಲೆ ಹೂಡುವಂತಿರಬಾರದು (ಅದು ವನ್ಯಜೀವಿಧಾಮ, ಬೆಂಕಿ ಹಚ್ಚುವಂತಿಲ್ಲ), ಕಸ ಉಳಿಯಬಾರದು, ರುಚಿ ಇರಬೇಕು. ಕೊನೆಯದನ್ನು ಹೇಳಿದವನಿಗೆ ಎಲ್ಲರೂ ನಕ್ಕರು. ಆದರೆ ಅದನ್ನೂ ಬರೆದೆ, ಅದಕ್ಕೊಂದು ಕಾರಣವಿತ್ತು. ನೀರಿನ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೊದಲು ಹಳಸುವ ವಿಷಯ. ಹೋದ ವರ್ಷದ ಚಿತ್ರಾನ್ನ ಯಾಕೆ ಕೆಟ್ಟಿತು ಎಂಬುದಕ್ಕೆ ಮಕ್ಕಳಲ್ಲಿ ಹಲವು ಉತ್ತರಗಳಿದ್ದವು: ನಿಂಬೆಹಣ್ಣು ಹಳೆಯದಿತ್ತು, ಎಣ್ಣೆ ಸರಿಯಿರಲಿಲ್ಲ, ದೃಷ್ಟಿ ತಾಗಿತು. ಅನ್ನ ಚೆನ್ನಾಗಿ ಬೆಂದಿತ್ತಲ್ಲವೇ, ಕುದಿಯುವಾಗ ಸೂಕ್ಷ್ಮಜೀವಿಗಳು ಸಾಯಬೇಕಲ್ಲವೇ ಎಂದು ಕೇಳಿದೆ. ಇಲ್ಲಿ ಬೀಜಕಗಳ ಪರಿಕಲ್ಪನೆ ತಂದೆ. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ಗಟ್ಟಿ ಕವಚದ ಬೀಜಕವಾಗಿ ಕುಳಿತುಬಿಡುತ್ತದೆ. 100 ಡಿಗ್ರಿಯ ಕುದಿಯನ್ನೂ ಅದು ತಾಳಿಕೊಳ್ಳಬಲ್ಲದು. ಅನ್ನ ಬೆಚ್ಚಗಾಗಿ, ತೇವವಾಗಿ, ಗಂಟೆಗಟ್ಟಲೆ ಮುಚ್ಚಿಟ್ಟಲ್ಲಿ ಬೀಜಕ ಮೊಳೆತು ಬೆಳೆಯುತ್ತದೆ, ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪಾತ್ರೆಯ ಮುಚ್ಚಳ ಆಹಾರವನ್ನು ಕಾಪಾಡುತ್ತದೆ ಎಂದು ನಂಬಿದ್ದ ಮಕ್ಕಳಿಗೆ, ಹಬೆಯಾಡುವಾಗ ಮುಚ್ಚಿದ್ದೇ ತೊಂದರೆಗೆ ದಾರಿಯಾಯಿತು ಎಂಬುದು ಒಪ್ಪಲು ಕಷ್ಟವಾಯಿತು.

ಹಾಗಾದರೆ ಸೈನಿಕರ ಪಲಾವ್ ಪೊಟ್ಟಣದಲ್ಲಿ ತೇವವೂ ಇದೆ, ಮುಚ್ಚಿಯೂ ಇದೆ, ಅದು ತಿಂಗಳುಗಟ್ಟಲೆ ಕೆಡುವುದಿಲ್ಲ ಯಾಕೆ? ಅಂಗಡಿಯಿಂದ ತಂದಿದ್ದ ‘ರೆಡಿ ಟು ಈಟ್’ ಪೊಟ್ಟಣವೊಂದನ್ನು ಕತ್ತರಿಸಿ, ತೊಳೆದು, ಅದರ ಹಾಳೆಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದೆ. ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ, ಒಳಗೆ ಪಾಲಿಪ್ರೊಪಿಲೀನ್. ಗಾಳಿ, ಬೆಳಕು, ತೇವ ಯಾವುದೂ ಒಳಗೆ ಬಾರದು. ಆದರೆ ಗುಟ್ಟು ಹಾಳೆಯಲ್ಲಿ ಮಾತ್ರ ಇಲ್ಲ, ಕ್ರಮದಲ್ಲಿದೆ. ನಾವು ಬೇಯಿಸಿ ಆಮೇಲೆ ಮುಚ್ಚುತ್ತೇವೆ. ಅವರು ಮುಚ್ಚಿ ಆಮೇಲೆ ಬೇಯಿಸುತ್ತಾರೆ. ಮೊಹರು ಮಾಡಿದ ಪೊಟ್ಟಣವನ್ನು ಒತ್ತಡದ ಪಾತ್ರೆಯಲ್ಲಿಟ್ಟು ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. ಕುಕ್ಕರಿನಲ್ಲಿ ನೀರು 100 ದಾಟುವುದು ಹೇಗೆ ಎಂಬುದು ಮಕ್ಕಳಿಗೆ ಗೊತ್ತಿತ್ತು, ಸೇತುವೆ ಸುಲಭವಾಯಿತು. ಆ ಉಷ್ಣತೆಯಲ್ಲಿ ಸಾಕಷ್ಟು ಹೊತ್ತು ಇಟ್ಟರೆ ಕ್ಲಾಸ್ಟ್ರಿಡಿಯಂ ಬಾಟುಲಿನಮ್‌ನಂಥ ಹಟಮಾರಿ ಬೀಜಕಗಳೂ ನಾಶವಾಗುತ್ತವೆ, ಹೊರಗಿನಿಂದ ಹೊಸದು ಬರಲು ದಾರಿಯಿಲ್ಲ. ಡಬ್ಬಿಗಿಂತ ಪೊಟ್ಟಣ ತೆಳ್ಳಗಿರುವುದರಿಂದ ಶಾಖ ನಡುಭಾಗವನ್ನು ಬೇಗ ತಲುಪುತ್ತದೆ, ಊಟ ಅತಿಯಾಗಿ ಬೆಂದು ಮುದ್ದೆಯಾಗುವುದು ಕಡಿಮೆ.

‘ಮೊದಲು ಮುಚ್ಚು, ಆಮೇಲೆ ಕಾಯಿಸು’ ಎಂಬ ಉಪಾಯವೂ ಸೈನ್ಯದ ಹಸಿವಿನಿಂದಲೇ ಬಂದದ್ದು. 1795ರಲ್ಲಿ ಫ್ರೆಂಚ್ ಸರ್ಕಾರ ಆಹಾರವನ್ನು ಕೆಡದಂತೆ ಇಡುವ ವಿಧಾನಕ್ಕೆ 12,000 ಫ್ರಾಂಕ್ ಬಹುಮಾನ ಸಾರಿತು. ಮಿಠಾಯಿ ತಯಾರಕ ನಿಕೊಲಾ ಅಪ್ಪೇರ್ ಗಾಜಿನ ಬಾಟಲಿಗಳಲ್ಲಿ ಆಹಾರ ತುಂಬಿ, ಬೆಂಡಿನ ಬಿರಡೆಯಿಂದ ಬಿಗಿದು, ಕುದಿಯುವ ನೀರಿನಲ್ಲಿ ಇಟ್ಟು ತೋರಿಸಿ 1810ರಲ್ಲಿ ಅದನ್ನು ಪಡೆದ. ಅದೇ ವರ್ಷ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಸಿಕ್ಕಿತು. ಡಬ್ಬಿ ತೆರೆಯುವ ಸಾಧನ ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ, ಸುತ್ತಿಗೆ! ಆಹಾರ ಯಾಕೆ ಕೆಡಲಿಲ್ಲ ಎಂಬುದು ಅಪ್ಪೇರ್‌ಗೂ ಗೊತ್ತಿರಲಿಲ್ಲ, ಪಾಸ್ಚರ್ ಬರುವವರೆಗೆ ಅರ್ಧ ಶತಮಾನ ಕಾಯಬೇಕಾಯಿತು. ಈ ಕಥೆಗೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ನಾನು ಹನ್ನೆರಡು ಕೊಟ್ಟೆ, ಮುಂದೆ ಅವಸರಪಡಬೇಕಾಯಿತು.

ಖಡಕ್ ರೊಟ್ಟಿ

ಮೈಸೂರಿನ ಪ್ರಯೋಗಾಲಯದ ಚಪಾತಿಯ ಮಾತು ಬಂತು. ಚಪಾತಿ ಮೆತ್ತಗಿರಬೇಕು, ಮೆತ್ತಗಿರಬೇಕಾದರೆ ತೇವ ಇರಬೇಕು, ತೇವ ಇದ್ದರೆ ಬೂಷ್ಟು. ಆದ್ದರಿಂದ ಹಿಟ್ಟಿಗೆ ಬೂಷ್ಟನ್ನು ತಡೆಯುವ ಸಾರ್ಬಿಕ್ ಆಮ್ಲ ಸೇರಿಸಿ, ಪೊಟ್ಟಣದಲ್ಲಿ ಮೊಹರು ಮಾಡಿ, ಕಾಯಿಸಿ ಇಡುತ್ತಾರೆ ಎಂದು ಹೇಳುತ್ತಿದ್ದೆ. ಮೊದಲ ಪಾಠದಲ್ಲಿ ಖಾಲಿ ಹಾಳೆ ಕೊಟ್ಟಿದ್ದ ಇಬ್ಬರಲ್ಲಿ ಒಬ್ಬಳು ಕೈ ಎತ್ತಿದಳು.

“ಸರ್, ನಮ್ಮ ರೊಟ್ಟಿಗೆ ಏನೂ ಹಾಕೂದಿಲ್ರಿ. ಎರಡು ತಿಂಗಳ ಇರ್ತಾವ್ರಿ.”

ಅವಳ ತಾಯಿ ರೊಟ್ಟಿ ಬಡಿದು ಮಾರುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಯಾಕೆ ಇರುತ್ತವೆ ಎಂದು ಕೇಳಿದೆ. “ನೀರ ಇರೂದಿಲ್ರಿ ಅದರಾಗ. ಆದ್ರ ಬಿಸಿ ಇದ್ದಾಗ ಒಂದರ ಮ್ಯಾಲ ಒಂದು ಒಟ್ಟಬಾರದ್ರಿ. ಒಟ್ಟಿದ್ರ ಬೆವರ್ತಾವು. ಬೆವತ್ರ ಬೂಷ್ಟ ಹಿಡಿತಾವು. ಆರಿದ ಮ್ಯಾಲ ಒಟ್ಟಬೇಕ್ರಿ.”

ಹೋದ ವರ್ಷದ ಚಿತ್ರಾನ್ನದ ಪಾತ್ರೆಗೆ ಏನಾಯಿತು ಎಂಬುದನ್ನು ನಾನು ಇಪ್ಪತ್ತು ನಿಮಿಷ ವಿವರಿಸಿದ್ದೆ. ‘ಬೆವರ್ತಾವು’ ಎಂಬ ಒಂದು ಪದದಲ್ಲಿ ಅದು ಇಡೀ ತರಗತಿಗೆ ಅರ್ಥವಾಯಿತು. ನೀರು ಇಲ್ಲದಲ್ಲಿ ಸೂಕ್ಷ್ಮಜೀವಿ ಬೆಳೆಯದು ಎಂಬ ತತ್ವವನ್ನು ಹಲಗೆಯ ಮೇಲೆ ಬರೆಯುವಾಗ ಅವಳದೇ ಮಾತನ್ನು ಬರೆದೆ. ಮೊದಲ ಪಾಠದ ನನ್ನ ಚಾರ್ಟಿನಲ್ಲಿ ಈ ಮಾತಿಗೆ ಜಾಗವೇ ಇರಲಿಲ್ಲ. ನಾಲ್ಕು ದೇಶ, ನಾಲ್ಕು ಸಾಲು. ಗೊತ್ತಿದ್ದವಳು ಖಾಲಿ ಹಾಳೆ ಕೊಟ್ಟಿದ್ದಳು.

ತೂಕ ಮತ್ತು ನೀರು

ಕಿರಾಣಿ ಅಂಗಡಿಯಿಂದ ಎರವಲು ತಂದ ತಕ್ಕಡಿಯಲ್ಲಿ ಮಕ್ಕಳೇ ತೂಗಿದರು. ನಾಲ್ಕು ಖಡಕ್ ರೊಟ್ಟಿ 140 ಗ್ರಾಂ, ಶೇಂಗಾ ಹಿಂಡಿ 50 ಗ್ರಾಂ, ಬೆಲ್ಲ 40 ಗ್ರಾಂ, ಒಟ್ಟು 230 ಗ್ರಾಂ. ಜೋಳಕ್ಕೆ 100 ಗ್ರಾಂಗೆ ಸುಮಾರು 350, ಶೇಂಗಾ ಹಿಂಡಿಗೆ ಉಪ್ಪು ಖಾರ ಕಳೆದು ಸುಮಾರು 500, ಬೆಲ್ಲಕ್ಕೆ ಸುಮಾರು 375 ಕಿಲೋಕ್ಯಾಲೊರಿ ಎಂದು ಹಿಡಿದರೆ 490, 250, 150. ಕೂಡಿದರೆ 890. ಎಂಆರ್‌ಇ ಪೊಟ್ಟಣದ ತೂಕ ಊಟದಿಂದ ಊಟಕ್ಕೆ ಬೇರೆ, 500ರಿಂದ 700 ಗ್ರಾಂ. 600 ಎಂದು ಹಿಡಿದು 1250ನ್ನು ಭಾಗಿಸಿದರು: ಗ್ರಾಂಗೆ 2ಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ಬುತ್ತಿ: ಗ್ರಾಂಗೆ 3.9.

ತರಗತಿಯಲ್ಲಿ ಚಪ್ಪಾಳೆ. ಅಮೆರಿಕವನ್ನು ಸೋಲಿಸಿದ ಸಂತೋಷ. ನಾನೂ ಅಲ್ಲಿಗೆ ನಿಲ್ಲಿಸುತ್ತಿದ್ದೆನೇನೋ. ಹಿಂದೆ ಕುಳಿತು ವೀಕ್ಷಿಸುತ್ತಿದ್ದ ಸಹಪ್ರಶಿಕ್ಷಣಾರ್ಥಿ ಗೆಳತಿ ಆಮೇಲೆ ಹೇಳಿದ್ದು: “ಆ ಕ್ಷಣದಲ್ಲಿ ನಿಮ್ಮ ಮುಖ ನೋಡಿ ಪಾಠ ಮುಗಿಯಿತು ಅಂದುಕೊಂಡೆ.” ಮುಗಿಸದಂತೆ ಮಾಡಿದವನು ರುಚಿಯ ಹುಡುಗ. “ಸರ್, ನೀರಿಲ್ದ ನಾಕ್ ರೊಟ್ಟಿ ಹೆಂಗ್ ತಿನ್ನೂದ್ರಿ? ಗಂಟಲಾಗ ಸಿಗ್ತಾವ್ರಿ.”

ಎಂಆರ್‌ಇ ಪೊಟ್ಟಣ ಭಾರವಾಗಿರುವುದಕ್ಕೆ ಒಂದು ಮುಖ್ಯ ಕಾರಣ, ಅದರ ಮುಖ್ಯ ತಿನಿಸು ತನ್ನ ನೀರನ್ನು ತನ್ನೊಳಗೇ ಹೊತ್ತಿರುವುದು. ಒಣ ಬುತ್ತಿ ನೀರನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತದೆ, ದಾರಿಯಲ್ಲಿ ಅದನ್ನು ಎಲ್ಲಾದರೂ ಪಡೆಯಲೇಬೇಕು. ಗುಡ್ಡದ ಮೇಲೆ ನಂಬುವಂಥ ನೀರಿಲ್ಲ ಎಂದು ಅಕ್ಕೋರು ಹೇಳಿದರು. ಬಿಸಿಲಿನಲ್ಲಿ ಹತ್ತಿ ಇಳಿಯಲು ಒಬ್ಬೊಬ್ಬರಿಗೆ ಎರಡು ಲೀಟರ್ ಎಂದು ತೀರ್ಮಾನವಾಯಿತು. ಎರಡು ಲೀಟರ್ ಎಂದರೆ ಎರಡು ಕೆ.ಜಿ. ಬುತ್ತಿ 230 ಗ್ರಾಂ ಇರಲಿ, 600 ಇರಲಿ, ಹೆಗಲ ಮೇಲಿನ ನಿಜವಾದ ಭಾರ ನೀರಿನದು. ಗ್ರಾಂಗಳ ಸ್ಪರ್ಧೆಯಲ್ಲಿ ಗೆದ್ದ ಖುಷಿ ಸ್ವಲ್ಪ ಇಳಿಯಿತು, ಆದರೆ ಮಕ್ಕಳು ಗಣಿತವನ್ನು ತಾವಾಗಿ ಮುಂದುವರಿಸಿದ್ದು ಅಲ್ಲಿಂದಲೇ.

ರುಚಿಯ ಮಾತಿಗೆ ಈಗ ಬಂದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ‘ಕೆ ರೇಷನ್’ ಎಂಬ ಪೊಟ್ಟಣವಿತ್ತು. ಆನ್ಸೆಲ್ ಕೀಸ್ ಎಂಬ ಶರೀರಕ್ರಿಯಾ ವಿಜ್ಞಾನಿ ಅದನ್ನು ರೂಪಿಸಿದ್ದು ಕೆಲವೇ ದಿನಗಳ ಬಳಕೆಗೆ. 1944ರಲ್ಲಿ ಬರ್ಮಾದ ಕಾಡುಗಳಲ್ಲಿ ಹೋರಾಡಿದ ಪಡೆ ವಾರಗಟ್ಟಲೆ ಅದನ್ನೇ ತಿನ್ನಬೇಕಾಯಿತು, ಸೈನಿಕರು ಸೊರಗಿದರು. ಅದರಲ್ಲಿ ಸಿ ಜೀವಸತ್ವಕ್ಕೆಂದು ನಿಂಬೆ ಪಾನಕದ ಪುಡಿ ಇತ್ತು. ಎಷ್ಟು ಹುಳಿ ಎಂದರೆ ಬಹಳ ಮಂದಿ ಅದನ್ನು ಎಸೆದುಬಿಡುತ್ತಿದ್ದರು. ಪಟ್ಟಿಯಲ್ಲಿ ಜೀವಸತ್ವ ಇದೆ, ಹೊಟ್ಟೆಯಲ್ಲಿ ಇಲ್ಲ. “ಬಿಸಿಯೂಟದಾಗ ಇವ ಬೀನ್ಸ್ ಆರಿಸಿ ಇಡ್ತಾನ್ರಿ” ಎಂದು ಪಕ್ಕದವನನ್ನು ತೋರಿಸಿದಳು ಒಬ್ಬಳು. ಇದಕ್ಕಿಂತ ಒಳ್ಳೆಯ ಅನ್ವಯವನ್ನು ನಾನು ಯೋಜನೆಯಲ್ಲಿ ಬರೆದಿರಲಿಲ್ಲ.

ಪ್ರಾತ್ಯಕ್ಷಿಕೆಯ ಬಗ್ಗೆ ಎರಡು ಎಚ್ಚರಿಕೆ

ಎಂಆರ್‌ಇಯ ಬಿಸಿ ಮಾಡುವ ಚೀಲದಲ್ಲಿ ಮೆಗ್ನೀಸಿಯಂ, ಸ್ವಲ್ಪ ಕಬ್ಬಿಣ, ಉಪ್ಪು ಇರುತ್ತವೆ. ಸ್ವಲ್ಪ ನೀರು ಹಾಕಿದರೆ ಮೆಗ್ನೀಸಿಯಂ ನೀರಿನೊಡನೆ ವರ್ತಿಸಿ ಶಾಖ ಬಿಡುತ್ತದೆ, ಹತ್ತು ಹನ್ನೆರಡು ನಿಮಿಷದಲ್ಲಿ ಊಟ ಬಿಸಿ. ಜೊತೆಗೆ ಹೈಡ್ರೋಜನ್ ಬರುವುದರಿಂದ ಹತ್ತಿರ ಬೆಂಕಿ ಇರಬಾರದು. ಚೀಲವನ್ನು ಓರೆಯಾಗಿ ಆನಿಸಿಡಲು ತೋರಿಸುವ ಚಿತ್ರದಲ್ಲಿ ‘ಕಲ್ಲು ಅಥವಾ ಏನಾದರೊಂದು’ ಎಂದು ಬರೆದಿರುತ್ತದೆ ಎಂದಾಗ ಮಕ್ಕಳಿಗೆ ಬಹಳ ಖುಷಿಯಾಯಿತು.

ಬಹಿರುಷ್ಣಕ ಕ್ರಿಯೆಯನ್ನು ತೋರಿಸಲು ನಾನು ಸುಣ್ಣದ ಹರಳನ್ನು ಬಳಸಿದೆ. ಅಡಿಕೆಯಷ್ಟು ದೊಡ್ಡ ಎರಡು ಹರಳು, ಸ್ಟೀಲ್ ಲೋಟ, ಸ್ವಲ್ಪ ನೀರು. ತಾಪಮಾಪಕ 30ರಿಂದ 60 ದಾಟಿತು. ಮಕ್ಕಳ ಕೈಗೆ ಹರಳು ಕೊಡಬಾರದು, ಅವರನ್ನು ಎರಡು ಮಾರು ದೂರ ನಿಲ್ಲಿಸಬೇಕು, ಶಿಕ್ಷಕರು ಕನ್ನಡಕ ಹಾಕಿಕೊಳ್ಳಬೇಕು. ಸುಣ್ಣ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಇದೊಂದು. ಇನ್ನೊಂದು, ಇದನ್ನು ನೋಡಿದ ಮಕ್ಕಳು ‘ಹಾಗಾದ್ರ ಸುಣ್ಣದಾಗ ಊಟ ಬಿಸಿ ಮಾಡೂಣು’ ಎನ್ನುತ್ತಾರೆ. ನನ್ನ ತರಗತಿಯಲ್ಲಿ ಇಬ್ಬರು ಅಂದರು. ಮನೆಯಲ್ಲಿ ಮಾಡಕೂಡದು ಎಂಬುದನ್ನು ಕಾರಣ ಸಹಿತ ಹೇಳದೆ ಅವಧಿ ಮುಗಿಸಬೇಡಿ.

ಎಂಆರ್‌ಇ 27 ಡಿಗ್ರಿಯಲ್ಲಿ ಸುಮಾರು ಮೂರು ವರ್ಷ, 38 ಡಿಗ್ರಿಯಲ್ಲಿ ಸುಮಾರು ಆರು ತಿಂಗಳು ಉಳಿಯುತ್ತದೆ ಎಂಬ ಮಾಹಿತಿಯಿಂದ ನಕ್ಷೆ ಬರೆಸುವ ಯೋಜನೆಯೂ ಇತ್ತು. ಸಮಯ ಸಿಗಲಿಲ್ಲ. ಎರಡೇ ಬಿಂದುಗಳಿಂದ ನಕ್ಷೆ ಬರೆಸುವುದು ಸರಿಯೇ ಎಂದು ಗಣಿತದ ಗೆಳೆಯರೊಬ್ಬರು ಕೇಳಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದು.

ಶನಿವಾರ

ಕೊನೆಯ ಹತ್ತು ನಿಮಿಷದಲ್ಲಿ ಅದೇ ಮೌಲ್ಯಮಾಪನ, ಪ್ರಶ್ನೆ ಮಾತ್ರ ಬೇರೆ: ‘ಕಪ್ಪತಗುಡ್ಡಕ್ಕೆ ಒಂದು ದಿನಕ್ಕೆ ನೀನು ಯಾವ ಬುತ್ತಿ ಆರಿಸುತ್ತೀಯೆ? ಹಿಮದ ಬೆಟ್ಟದಲ್ಲಿ ಹತ್ತು ದಿನ ಇರುವ ಸೈನಿಕನಿಗೆ ಯಾವುದನ್ನು? ಎರಡಕ್ಕೂ ಕಾರಣ ಬರೆ.’ ಮೊದಲನೆಯದಕ್ಕೆ ಬಹುತೇಕ ಎಲ್ಲರೂ ರೊಟ್ಟಿ ಎಂದರು. ಎರಡನೆಯದಕ್ಕೆ ಉತ್ತರಗಳು ಹರಡಿಕೊಂಡವು, ಅದು ಒಳ್ಳೆಯ ಲಕ್ಷಣ. ಬಿಸಿ ಬೇಕು, ಆದ್ದರಿಂದ ಬಿಸಿ ಚೀಲದ್ದು ಎಂದರು ಹಲವರು. ಹಿಮ ಕರಗಿಸಿದರೆ ನೀರು ಸಿಗುತ್ತದೆ, ಆದ್ದರಿಂದ ಒಲೆ ಇರುವ ಫ್ರಾನ್ಸಿನದು ಎಂದು ನಾಲ್ವರು ಬರೆದರು. ‘ಹತ್ತು ದಿನ ಒಂದೇ ತಿನಿಸು ಕೊಡಬಾರದು’ ಎಂದು ಬರೆದವನ ಹೆಸರು ಹೇಳಬೇಕಿಲ್ಲ.

ರೊಟ್ಟಿ ಹುಡುಗಿಯ ಉತ್ತರ ಐದು ಸಾಲು ಇತ್ತು. ಕೊನೆಯ ಸಾಲು: ‘ಅನ್ನ ಒಯ್ಯುವುದಾದರೆ ಅಗಲ ತಾಟಿನಲ್ಲಿ ಆರಿಸಿ ಕಟ್ಟಬೇಕು, ಬೇಗ ಉಣ್ಣಬೇಕು.’

ಶನಿವಾರ ನಾನೂ ಜೊತೆಗೆ ಹೋಗಿದ್ದೆ. 38 ಮಕ್ಕಳು, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಲವರಲ್ಲಿ ಗುರೆಳ್ಳು ಹಿಂಡಿ, ಬೆಲ್ಲ, ಒಬ್ಬನ ಚೀಲದಲ್ಲಿ ಯಾರಿಗೂ ಹೇಳದೆ ತಂದ ಚಿಪ್ಸ್. ರೊಟ್ಟಿಗಳು ಪುಡಿಯಾಗಿದ್ದವು, ಅದನ್ನು ನಮ್ಮ ಯಾವ ಲೆಕ್ಕವೂ ಹಿಡಿದಿರಲಿಲ್ಲ. ಮಕ್ಕಳು ಪುಡಿಯನ್ನೇ ಹಿಂಡಿ, ಬೆಲ್ಲದೊಡನೆ ಕಲಸಿ ತಿಂದರು. ನೀರು ಇಳಿಯುವಾಗ ಅರ್ಧ ದಾರಿಗೇ ಮುಗಿಯಿತು. ಮುಂದಿನ ಸಲಕ್ಕೆ ಎರಡೂವರೆ ಲೀಟರ್ ಎಂದು ಪಾಠ ಯೋಜನೆಯ ಅಂಚಿನಲ್ಲಿ ಬರೆದಿದ್ದೇನೆ. ಸಂಜೆ ಆರೂವರೆಗೆ ಶಾಲೆ ತಲುಪಿದೆವು. ಸೋಮವಾರ ಹಾಜರಿ 38.